ಕ್ರೈಸ್ತಮತದಲ್ಲಿ ಆಶೀರ್ವಾದಶಬ್ದದ ಅರ್ಥ

ಕನ್ನಡ ಬೈಬಲಿನಲ್ಲಿ ‘ಆಶೀರ್ವಾದ’ವೆಂಬ ಶಬ್ದವನ್ನು ಕಂಡೊಡನೆ ನಮ್ಮವರು ಶಾಪಾನುಗ್ರಹಸಮರ್ಥರಾದ ಋಷಿಗಳ ವಾಕ್ಕನ್ನು ಭಾವಿಸುವುದುಂಟು. ಅಲ್ಲಿಯ ಅರ್ಥವು ಬೇರೆ.

ಮೂಲದ ಹೀಬ್ರೂ ಧಾತುವು ‘ಬರಖ್’. ದೇವರು ಮನುಷ್ಯನನ್ನು ಅನುಗ್ರಹಿಸುವುದಕ್ಕೂ ಮನುಷ್ಯನು ದೇವರನ್ನು ಸ್ತುತಿಸುವುದಕ್ಕೂ ಇದೊಂದೇ ಧಾತು. ನಮ್ಮಲ್ಲಿ ಆಶೀರ್ವಾದವಾದರೋ ಸಾಮಾನ್ಯವಾಗಿ ಹಿರಿಯರಿಂದ ಕಿರಿಯರಿಗೆ ಸಲ್ಲತಕ್ಕದ್ದು. ಆದುದರಿಂದ 103ನೆಯ ಕೀರ್ತನೆಯಲ್ಲಿ ಅದೇ ಧಾತುವಿಗೆ ‘ಕೊಂಡಾಡು’ ಎಂದು ಕನ್ನಡಿಸಿರುವುದು ಯುಕ್ತವೇ ಸರಿ. ಆದರೆ ಮೂಲದ ಶಬ್ದೈಕ್ಯವು ಮರೆಯಾಯಿತು.

ಬೈಬಲಿನ ಅರಣ್ಯಕಾಂಡದಲ್ಲಿ (6:24–26) ಬರುವ ಯಾಜಕಾಶೀರ್ವಾದವು ಹೀಬ್ರೂವಿನಲ್ಲಿ ಕ್ರಮವಾಗಿ 3, 5, 7 ಪದಗಳ ಮೂರು ವಾಕ್ಯಗಳುಳ್ಳದ್ದು. ಇದರ ಕ್ರಿಯಾಪದಗಳು ನಮ್ಮ ಆಶೀರ್ಲಿಙ್ಙಿನಂತೆ ಇಷ್ಟಾರ್ಥಪ್ರಾರ್ಥನಾರೂಪವಾದುವು. ಮೂರಕ್ಕೂ ಕರ್ತೃವು ದೇವರೇ. ಯಾಜಕರು ನಾಮವನ್ನು ಉಚ್ಚರಿಸಲು, ಹರಸುವವನು ತಾನೆಂದು ದೇವರು ಮುಂದಿನ ವಾಕ್ಯದಲ್ಲಿ ಹೇಳುತ್ತಾನೆ. ಹೀಗೆ ಯಾಜಕನು ಕೇವಲ ಮುಖಮಾತ್ರನು, ತಪಃಫಲವನ್ನು ಧಾರೆಯೆರೆಯುವವನಲ್ಲ. ಲೂಥರನು 1526ರ ಜರ್ಮನ್ ಆರಾಧನಾಕ್ರಮವನ್ನು ಈ ಆಶೀರ್ವಾದದಿಂದಲೇ ಮುಗಿಸಿದನು. ಅನೇಕ ಸಭೆಗಳಲ್ಲಿ ಇಂದಿಗೂ ಪಾದ್ರಿಗಳು ಕೈಯೆತ್ತಿ ಇದನ್ನು ನುಡಿಯುತ್ತಾರೆ.

ಹಿಂಸಿಸುವವರನ್ನೂ ಹರಸಬೇಕು, ಶಪಿಸಲಾಗದು ಎಂಬುದು ರೋಮಾಪುರದವರಿಗೆ ಪೌಲನು ವಿಧಿಸಿದ ನಿಯಮ (12:14). ಎಂದರೆ, ಇಲ್ಲಿ ಅನುಗ್ರಹದೊಡನೆ ಶಾಪದ ಅಧಿಕಾರವು ಬರುವುದಿಲ್ಲ. ಪಾಠ ಹೇಳುವವರು ಈ ಭೇದವನ್ನು ತೋರಿಸದಿದ್ದರೆ ವಿದ್ಯಾರ್ಥಿಗೆ ಶಬ್ದವು ದಕ್ಕೀತು, ಅರ್ಥವು ತಪ್ಪೀತು.