ಒಂದು ಲೀಟರ್ ನೀರಿಗೆ ನೀವು ಕೊಡೋದೆಷ್ಟು?

ಬೆಳಗಾವಿ ಬಸ್ ಸ್ಟ್ಯಾಂಡ್‌ನಲ್ಲಿ ಒಂದು ಲೀಟರ್ ಬಾಟಲಿಗೆ 20 ರೂಪಾಯಿ. ಅದೇ ಶುದ್ಧ ನೀರಿನ ಘಟಕದಲ್ಲಿ 5 ರೂಪಾಯಿ ಕಾಯಿನ್ ಹಾಕಿದ್ರೆ 20 ಲೀಟರಿನ ಕ್ಯಾನ್ ತುಂಬುತ್ತೆ. ಅಂದ್ರೆ ಲೀಟರ್‌ಗೆ 25 ಪೈಸೆ. ಬಾಟಲಿ ನೀರು 80 ಪಟ್ಟು ದುಬಾರಿ!

ನಮ್ಮಲ್ಲಿ ನೀರಿಲ್ವಾ? ಇದೆ. ನಗರಕ್ಕೆ ರಾಕಸಕೊಪ್ಪ, ಹಿಡಕಲ್ ಜಲಾಶಯಗಳಿವೆ. ಮಲಪ್ರಭೆ ಹುಟ್ಟೋದೇ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. 2008ರಲ್ಲೇ ಬೆಳಗಾವಿಯ ಕೆಲವು ವಾರ್ಡ್‌ಗಳಿಗೆ 24 ಗಂಟೆ ನಲ್ಲಿ ನೀರು ಬಂತು.

ಆದ್ರೆ ನಲ್ಲಿ ಕೈಕೊಟ್ಟಾಗ ಹೊರೆ ಬೀಳೋದು ಬಡವರ ಮೇಲೆ. ಕೀನ್ಯಾದ ನೈರೋಬಿಯ ಕಿಬೇರಾ ಕೊಳೆಗೇರಿಯಲ್ಲೂ ಅಷ್ಟೇ: ಮನೆಗೆ ನಲ್ಲಿ ಇರೋರಿಗಿಂತ ಕ್ಯಾನ್ ನೀರು ಕೊಳ್ಳೋರೇ ಲೀಟರ್‌ಗೆ ಹೆಚ್ಚು ತೆರ್ತಾರೆ.

ನಿಮ್ಮ ಓಣಿಗೆ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತೆ? ಕಾಮೆಂಟ್‌ನಲ್ಲಿ ಬರೀರಿ, ನಿಮ್ಮ ವಾರ್ಡ್ ಸದಸ್ಯರನ್ನೂ ಕೇಳ್ರಿ.