ಸ್ಕೋಪಿನ 'ಚೂಡಿ' ಸತ್ತಾಗ

ಲೋಧಿ ಉದ್ಯಾನದ ಮರದಲ್ಲಿ ಕೂತ ಮಂಗಟ್ಟೆ ಹಕ್ಕಿಯನ್ನು ನೋಡಲು ಬೈನಾಕ್ಯುಲರ್ ಧಾರಾಳ ಸಾಕು. ಆದರೆ ಚಳಿಗಾಲದಲ್ಲಿ ಓಖ್ಲಾದ ಬಳಿ ಯಮುನೆಯ ನಡುನೀರಿನಲ್ಲಿ ತೇಲುವ ಬಾತುಗಳಲ್ಲಿ ಚಲುಕದ ಬಾತು ಯಾವುದು, ಸೂಜಿಬಾಲದ್ದು ಯಾವುದು ಎಂದು ಹೇಳಬೇಕಾದರೆ 20ರಿಂದ 60 ಪಟ್ಟು ಹಿಗ್ಗಿಸುವ ಸ್ಪಾಟಿಂಗ್ ಸ್ಕೋಪ್ ಬೇಕು. ಅದನ್ನು ಹೊರಲು ಮುಕ್ಕಾಲಿಯೂ ಬೇಕು.

60 ಪಟ್ಟಿನಲ್ಲಿ ಕಾಣುವ ನೋಟದ ಅಗಲ ಸುಮಾರು ಒಂದು ಡಿಗ್ರಿ ಅಷ್ಟೆ. ಸ್ಕೋಪಿನ ಪಾದ ಅರ್ಧ ಡಿಗ್ರಿ ಅಲ್ಲಾಡಿತೆನ್ನಿ, ನಡುವಿನಲ್ಲಿದ್ದ ಹಕ್ಕಿ ಅಂಚಿಗೆ ಹೋಯ್ತು! 1987ರಿಂದ ಜನವರಿ ತಿಂಗಳಲ್ಲಿ ನಡೆದುಬಂದಿರುವ ಏಷ್ಯಾದ ನೀರುಹಕ್ಕಿಗಳ ಗಣತಿಯಂಥ ಕೆಲಸದಲ್ಲಿ ಇದರಿಂದ ಎಣಿಸಿದ್ದನ್ನೇ ಮತ್ತೆ ಎಣಿಸುತ್ತೇವೆ, ಇಲ್ಲವೆ ಬಿಟ್ಟೇಬಿಡುತ್ತೇವೆ.

ಮುಕ್ಕಾಲಿಯ ತಿರುಪು ಸಾಮಾನ್ಯವಾಗಿ 1/4 ಇಂಚಿನದು. ಇಂಚಿಗೆ 20 ಥ್ರೆಡ್. 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಸೂಚಿಸಿದ ಅಳತೆಗಳ ಮನೆತನದ್ದೇ ಇದು. ಒಳಹೋಗುವ ಉದ್ದ 5 ಮಿ.ಮೀ. ಆಸುಪಾಸು. ಅಂದರೆ ಒಂದೂವರೆ ಕಿಲೋ ತೂಕ ನಾಲ್ಕೇ ಥ್ರೆಡ್ಡಿನ ಮೇಲೆ ನಿಂತಿದೆ! ತಿರುಪು ಉಕ್ಕಿನದು, ಪಾದ ಮೆತ್ತಗಿನ ಅಲ್ಯೂಮಿನಿಯಂ. 6 ಮಿ.ಮೀ. ಬೋಲ್ಟೂ ನೋಡಲು ಹಾಗೇ ಇರುತ್ತದೆ. ಅದನ್ನು ತುರುಕಿದರೆ, ಓರೆಯಾಗಿ ತಿರುಗಿಸಿದರೆ ಥ್ರೆಡ್ ಸವೆದುಹೋಗುತ್ತದೆ. ನಾವು 'ಥ್ರೆಡ್ ಹೋಯ್ತು' ಅಂತೀವಿ. ದಿಲ್ಲಿಯ ಮಿಸ್ತ್ರಿಗೆ ಅದು 'ಚೂಡಿ ಮರ್ ಗಯೀ'. ಥ್ರೆಡ್ಡಿಗೂ ಬಳೆಗೂ ಅವನಲ್ಲಿ ಒಂದೇ ಮಾತು.

ಅಲುಗಾಟ ಎಲ್ಲಿಯದೆಂದು ಮೊದಲು ನೋಡಿ. ಕೊಳವೆಯ ಸುತ್ತಲಿನ ಪಟ್ಟಿ ಸಡಿಲವಾಗಿದ್ದರೆ ಬಿಗಿಮಾಡಿದರೆ ಸಾಕು. ಥ್ರೆಡ್ಡೇ ಹೋಗಿದ್ದರೆ ಪಾದವನ್ನು ಪಟ್ಟಿಸಮೇತ ಬಿಚ್ಚಿಕೊಳ್ಳಿ. ಲೋಹದ ಚೂರು ಮಸೂರದ ಹತ್ತಿರ ಸುಳಿಯಬಾರದು. ಕೊಳವೆಯ ತಿರುಪುಗಳನ್ನು ಮಾತ್ರ ಮುಟ್ಟಬೇಡಿ: ಒಳ್ಳೆಯ ಸ್ಕೋಪುಗಳಲ್ಲಿ ಮಂಜು ಕೂರದಿರಲೆಂದು ನೈಟ್ರೋಜನ್ ತುಂಬಿರುತ್ತಾರೆ.

ಪಾದ ದಪ್ಪವಾಗಿದ್ದರೆ ಸುಲಭೋಪಾಯವೊಂದಿದೆ. ತೂತನ್ನು 8 ಮಿ.ಮೀ.ಗೆ ದೊಡ್ಡದು ಮಾಡಿ, 3/8 ಇಂಚಿನ (ಇಂಚಿಗೆ 16 ಥ್ರೆಡ್) ಟ್ಯಾಪ್ ಹಾಕಿ, ಹೊರಗೆ 3/8, ಒಳಗೆ 1/4 ಇರುವ ಬುಶ್ ಕೂರಿಸುವುದು. ಬುಶ್ ಕ್ಯಾಮೆರಾ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಎಷ್ಟು ಆಳ ಕೊರೆಯಬೇಕೋ ಅಲ್ಲಿಗೆ ಡ್ರಿಲ್ಲಿಗೆ ಟೇಪು ಸುತ್ತಿರಲಿ. ಟ್ಯಾಪಿಗೆ ಸೀಮೆಎಣ್ಣೆ ಸವರಿ, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ತಿರುಗಿಸುತ್ತಾ ಹೋದರೆ ಚೂರು ಕತ್ತರಿಸಿ ಬೀಳುತ್ತದೆ. ಬುಶ್ಶಿನ ಹೊರಮೈಗೆ ಮಾತ್ರ ಒಂದು ಹನಿ ಅರಾಲ್ಡೈಟ್ ಹಚ್ಚಿ, ಒಂದು ದಿನ ಒಣಗಲು ಬಿಡಿ.

ಪಾದ ತೆಳುವಾಗಿದ್ದರೆ ಇದು ಬೇಡ. ಹೆಲಿಕಾಯಿಲ್ ಎಂಬ ಉಕ್ಕಿನ ತಂತಿಯ ಸುರುಳಿ ಹಾಕಿಸಿದರೆ ಕಡಿಮೆ ಲೋಹ ಹೋಗುತ್ತದೆ. ಪಾದವೇ ಬಿರುಕು ಬಿಟ್ಟಿದ್ದರೆ ಬರೀ ಅಂಟನ್ನು ನಂಬಬೇಡಿ. ಹೊಸ ಪಾದವನ್ನೇ ಮಾಡಿಸಿ.

ಲೋಧಿ ಕಾಲೋನಿಯವರಿಗೆ ಕೋಟ್ಲಾ ಮುಬಾರಕ್‌ಪುರದ ಹಾರ್ಡ್‌ವೇರ್ ಅಂಗಡಿಗಳು ಹತ್ತಿರ. ಅಲ್ಲಿ 1/4 ಎಂದರೆ 'ದೋ ಸೂತ್', 3/8 ಎಂದರೆ 'ತೀನ್ ಸೂತ್'; ಒಂದು ಸೂತಿಗೆ ಇಂಚಿನ ಎಂಟನೆಯ ಒಂದು ಪಾಲು. ಲೇತ್ ಕೆಲಸದವನ ಕೈಗೆ ಪಾದವನ್ನಷ್ಟೇ ಕೊಡಿ, ಸ್ಕೋಪನ್ನಲ್ಲ.

ಕೊನೆಗೆ, ಸ್ಕೋಪ್ ಏರಿಸುವ ಮೊದಲು ಪಾದವನ್ನು ಮುಕ್ಕಾಲಿಗೆ ಬಿಗಿದು, ಎರಡು ಲೀಟರ್ ನೀರು ತುಂಬಿದ ಕ್ಯಾನನ್ನು ಅದಕ್ಕೆ ತೂಗುಬಿಟ್ಟು ಒಂದು ರಾತ್ರಿ ಇಡಿ. ಬೀಳುವುದಿದ್ದರೆ ನೀರು ಬೀಳಲಿ.