ಎರಡು ಎಣ್ಣೆ, ಒಂದೇ ವಿಷಕುಲ

ಆಳಂದ, ಅಫಜಲಪುರ, ಜೇವರ್ಗಿಗಳ ಎರೆಭೂಮಿಯಲ್ಲಿ ತೊಗರಿ ಕಾಯಿಕಟ್ಟುವ ಕಾಲಕ್ಕೆ ಬೆನ್ನಿಗೆ ಪಂಪು ಹೊತ್ತು, ಮೂಗಿಗೆ ಟವೆಲು ಸುತ್ತಿ, ಬಾಟಲಿಯ ಮುಚ್ಚಳದಲ್ಲೇ ಅಳೆದು ಕಾಯಿಕೊರಕಕ್ಕೆ ‘ಎಣ್ಣಿ’ ಹೊಡೆಯುವ ರೈತನಿಗೂ, 2019ರ ನವೆಂಬರಿನಲ್ಲಿ ಆರಂಭವಾದ ಕಲಬುರಗಿ ನಿಲ್ದಾಣದಲ್ಲಿಳಿಯುವ ವಿಮಾನದ ಸಿಬ್ಬಂದಿಗೂ ಏನು ನಂಟೆಂದು ಕೇಳುವವರುಂಟು. ರಸಾಯನದ ನಂಟು! ಮೋನೋಕ್ರೋಟೋಫಾಸ್ ಮೊದಲಾದ ಕೀಟನಾಶಕಗಳೂ, ಸವೆತ ತಡೆಯಲೆಂದು ಜೆಟ್ ಎಂಜಿನ್ನಿನ ಎಣ್ಣೆಗೆ ಶೇಕಡಾ 3ರ ಆಸುಪಾಸಿನಲ್ಲಿ ಬೆರೆಸುವ ಟ್ರೈಕ್ರೆಸಿಲ್ ಫಾಸ್ಫೇಟೂ ಸಾವಯವ ರಂಜಕಗಳೆಂಬ ಒಂದೇ ಕುಲದವು. ನರಮಂಡಲವೇ ಇವುಗಳ ಲಕ್ಷ್ಯ.

ಬಹುತೇಕ ವಿಮಾನಗಳಲ್ಲಿ ಒಳಗಿನವರು ಉಸಿರಾಡುವ ಗಾಳಿ ಎಂಜಿನ್ನಿನ ಮಾರ್ಗವಾಗಿಯೇ ಬರುವುದರಿಂದ, ಸೀಲು ಸೋರಿದಾಗ ಎಣ್ಣೆಯ ಹೊಗೆ, ಬೆವೆತ ಕಾಲುಚೀಲದ ನಾತದೊಡನೆ, ಒಳಸೇರುತ್ತದೆ. ತಲೆಸುತ್ತು, ಮರೆವು, ಕೈಕಾಲಿನ ಜೋಮು ಎಂದು ಸಿಬ್ಬಂದಿ ದೂರಿದರೂ, ದೀರ್ಘಕಾಲಿಕ ಪರಿಣಾಮದ ವಿಷಯದಲ್ಲಿ ತಜ್ಞರಿಗಿನ್ನೂ ಏಕಮತವಿಲ್ಲ. ಆದರೆ ಟ್ರೈಕ್ರೆಸಿಲ್ ಫಾಸ್ಫೇಟಿನ ಆರ್ಥೊ ರೂಪದ ಕ್ರೌರ್ಯ ನಿರ್ವಿವಾದ: 1930ರಲ್ಲಿ ಅಮೆರಿಕದಲ್ಲಿ ಅದು ಬೆರೆತ ಶುಂಠಿಸಾರವನ್ನು ಮದ್ಯವೆಂದು ಕುಡಿದ ಸಹಸ್ರಾರು ಜನರ ಕಾಲುಗಳು, ಕೆಲವು ದಿನಗಳ ತರುವಾಯ, ಶಕ್ತಿಗುಂದಿದವು. ವಿಮಾನದಲ್ಲಿ ಈ ಹೊಗೆ ತಪ್ಪಿಸುವ ದಾರಿಯುಂಟು: ಬೋಯಿಂಗ್ 787 ಒಳಾಂಗಣದ ಗಾಳಿಯನ್ನು ಎಂಜಿನ್ನಿನಿಂದ ಪಡೆಯದೆ ಹೊರಗಿನಿಂದ ನೇರವಾಗಿ ಸೆಳೆಯುತ್ತದೆ. ಎಣ್ಣೆ ತುಂಬುವ ಮೆಕ್ಯಾನಿಕನಿಗೋ ಕೈಗವಸೇ ಕವಚ. ಹೊಲದ ಬದುವಿನಲ್ಲಿ ಕೈತೊಳೆಯದೆ ರೊಟ್ಟಿ ಮುರಿಯುವ ನಮ್ಮವನಿಗೆ ಅದೂ ಇಲ್ಲ.